ಸೋಡಿಯಂ ಇಳಿದಿದೆಯೆಂದು ಉಪ್ಪು ಹೆಚ್ಚಿಸಬೇಡಿ

ಬದಿಯಡ್ಕ, ಪೆರ್ಲ ಕಡೆಯ ಹೃದಯ ವೈಫಲ್ಯದ ರೋಗಿಗಳು ಮಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಬಂದ ಮೇಲೆ ಅವರ ಮುಂದಿನ ತಿಂಗಳುಗಳು ನಮ್ಮಂಥ ಊರ ವೈದ್ಯರ ಕೈಯಲ್ಲಿರುತ್ತವೆ. ನನ್ನ ಕ್ಲಿನಿಕ್ಕಿನಲ್ಲಿ ಹೃದಯದ ಸ್ಕ್ಯಾನ್ ಮಾಡುವ ಎಕೋ ಯಂತ್ರವಿಲ್ಲ. ಯಾರ ಸ್ಥಿತಿ ಮತ್ತೆ ಹದಗೆಡಬಹುದು ಎಂಬ ಸುಳಿವನ್ನು ರೋಗಿಯ ಮೈಯಲ್ಲಿ ಮತ್ತು ರಕ್ತದ ರಿಪೋರ್ಟಿನಲ್ಲಿ ಹುಡುಕುತ್ತೇನೆ.

ಮೊದಲು ನೋಡುವುದು ರಕ್ತದಲ್ಲಿರುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಪ್ರೋಟೀನಿನ ತುಣುಕು. ಹೃದಯದ ಕೆಳಕೋಣೆಗಳ ಗೋಡೆ ಒತ್ತಡದಿಂದ ಹಿಗ್ಗಿದಾಗ ಇದು ರಕ್ತಕ್ಕೆ ಬರುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಹೆಚ್ಚು, ಬೊಜ್ಜಿನವರಲ್ಲಿ ಕಡಿಮೆ. ಹಾಗಾಗಿ ಒಂದೇ ಸಂಖ್ಯೆ ಹಿಡಿದು ಭವಿಷ್ಯ ಹೇಳಲಾಗದು. ಆಸ್ಪತ್ರೆಗೆ ಸೇರಿದಾಗ ಇದ್ದುದಕ್ಕಿಂತ ಬಿಡುಗಡೆಯ ವೇಳೆಗೆ ಶೇಕಡಾ 30ಕ್ಕಿಂತ ಹೆಚ್ಚು ಇಳಿದಿದ್ದರೆ ನನಗೆ ಅರ್ಧ ಸಮಾಧಾನ. ಇಳಿಯದವರನ್ನು ತಿಂಗಳವರೆಗೆ ಕಾಯಿಸದೆ ವಾರದೊಳಗೆ ಕರೆಸುತ್ತೇನೆ. ಇದರ ಜೊತೆಗೇ ಹೃದಯದಿಂದ ಬರುವ ಹಾರ್ಮೋನು ಬಿಎನ್‌ಪಿ; ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಬೇರೆ ಬೇರೆ ಪರೀಕ್ಷೆಗಳು. ಹೃದಯ ವೈಫಲ್ಯಕ್ಕೆ ಕೊಡುವ ಸಕುಬಿಟ್ರಿಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿಯ ಮಟ್ಟ ಆ ಮಾತ್ರೆಯಿಂದಲೇ ಏರಬಹುದು. ಆದ್ದರಿಂದ ಅಂಕಿಯ ಪಕ್ಕದಲ್ಲಿ ಪರೀಕ್ಷೆಯ ಹೆಸರನ್ನೂ ಲ್ಯಾಬಿನ ಹೆಸರನ್ನೂ ಬರೆದಿಡುತ್ತೇನೆ.

ಈ ಪರೀಕ್ಷೆ ದುಬಾರಿ, ಪದೇ ಪದೇ ಮಾಡಿಸಲು ಎಲ್ಲರಿಗೂ ಆಗುವುದಿಲ್ಲ. ಅಗ್ಗದ ಸೋಡಿಯಂ ಪರೀಕ್ಷೆಯೂ ಬಹಳಷ್ಟು ಹೇಳುತ್ತದೆ. 135ಕ್ಕಿಂತ ಕೆಳಗಿಳಿದವರಲ್ಲಿ ಮರಳಿ ಆಸ್ಪತ್ರೆ ಸೇರುವ, ಸಾಯುವ ಅಪಾಯ ಹೆಚ್ಚು. ಆದರೆ ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗಿ ಓದುವುದೂ ಇದನ್ನೇ.

ಎಪ್ಪತ್ತು ದಾಟಿದ ಅಡಕೆ ಕೃಷಿಕರೊಬ್ಬರನ್ನು ಅವರ ಸೊಸೆ ಕರೆತಂದಿದ್ದರು. ಸೋಡಿಯಂ 129. “ಡಾಕ್ಟರೇ, ಮಾವನಿಗೆ ಉಪ್ಪಿನಂಶ ಕಡಿಮೆಯಂತೆ. ಅದಕ್ಕೆ ಗಂಜಿಗೆ ಉಪ್ಪು ಜಾಸ್ತಿ ಹಾಕುತ್ತಿದ್ದೇನೆ, ಉಪ್ಪುಸೊಳೆಯ ಪಲ್ಯವನ್ನೂ ಕೊಡುತ್ತಿದ್ದೇನೆ” ಎಂದರು. ಅಜ್ಜನ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿದ್ದು ಹಾಗೆಯೇ ಉಳಿಯಿತು. ತೂಕವೂ ಏರಿತ್ತು. ಹೃದಯ ಸೋತಾಗ ಮೂತ್ರಪಿಂಡಕ್ಕೆ ರಕ್ತ ಸಾಲದು. ದೇಹ ಉಪ್ಪನ್ನೂ ಅದಕ್ಕಿಂತ ಹೆಚ್ಚಾಗಿ ನೀರನ್ನೂ ಹಿಡಿದಿಡುತ್ತದೆ. “ಮಜ್ಜಿಗೆಗೆ ನೀರು ಹೊಯ್ದರೆ ಸಪ್ಪೆಯಾಗುತ್ತದಲ್ಲ, ಪಾತ್ರೆಯಲ್ಲಿರುವ ಉಪ್ಪು ಕಡಿಮೆಯಾಗುತ್ತದೆಯೇ ಅಮ್ಮಾ?” ಎಂದು ಕೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಉಪ್ಪು ನಿಂತಿತು, ನೀರಿಗೆ ಮಿತಿ ಬಂತು, ಮಾತ್ರೆ ಬದಲಾಯಿತು.

ಮೂತ್ರ ಹೆಚ್ಚಿಸುವ ಮಾತ್ರೆ ಅತಿಯಾದರೂ ಸೋಡಿಯಂ ಇಳಿಯುತ್ತದೆ. ಆಗ ತೂಕ ಇಳಿದಿರುತ್ತದೆ, ನಾಲಿಗೆ ಒಣಗಿರುತ್ತದೆ, ಚಿಕಿತ್ಸೆ ಪೂರಾ ಬೇರೆ. ರಿಪೋರ್ಟು ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ ಎಂದು ಅಂಗಲಾಚುವುದು ಇದಕ್ಕೇ.

ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ಆರ್‌ಡಿಡಬ್ಲ್ಯು ಎಂಬ ಸಾಲೊಂದಿದೆ. ಕೆಂಪುಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂಬುದರ ಅಳತೆ. ಹೃದಯ ವೈಫಲ್ಯದ ಔಷಧವೊಂದನ್ನು ಪರೀಕ್ಷಿಸಿದ ಚಾರ್ಮ್ ಅಧ್ಯಯನದ ರೋಗಿಗಳ ಮಾಹಿತಿಯನ್ನು 2007ರಲ್ಲಿ ವಿಶ್ಲೇಷಿಸಿದಾಗ, ಅದು ಏರಿದವರ ಗತಿ ಕೆಟ್ಟದಾಗಿರುವುದು ಕಂಡುಬಂತು. ಅದು ಏರಿದ್ದರೆ ನಾನು ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸುತ್ತೇನೆ. 100ಕ್ಕಿಂತ ಕಡಿಮೆಯಿದ್ದರೆ ಈ ರೋಗಿಗಳಲ್ಲಿ ಅದು ಕಬ್ಬಿಣದ ಕೊರತೆಯೇ, ಹಿಮೋಗ್ಲೋಬಿನ್ ಸರಿಯಿದ್ದರೂ. ಹೃದಯದ ಪಂಪು ದುರ್ಬಲವಾಗಿರುವ ಇಂಥವರನ್ನು ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಲು ಕಳಿಸುತ್ತೇನೆ.

“ಇನ್ನೆಷ್ಟು ದಿನ?” ಎಂದು ಕೇಳುವ ಮಕ್ಕಳಿಗೆ ಈ ಅಂಕಿಗಳಿಂದ ಉತ್ತರ ಹೇಳುವುದಿಲ್ಲ. ಅವು ಸಾವಿರಾರು ಜನರ ಗುಂಪಿನಿಂದ ಬಂದ ಲೆಕ್ಕ. ಅಪ್ಪನ ತೂಕವನ್ನು ದಿನವೂ ಬೆಳಿಗ್ಗೆ ಬರೆದಿಡಿ, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅಂದೇ ಫೋನ್ ಮಾಡಿ ಎನ್ನುತ್ತೇನೆ.