ಕೆಗ್‌ನ ದುರ್ವಾಸನೆಯ ಮೂಲ ರಬ್ಬರಿನಲ್ಲಿತ್ತು: ನನ್ನ ಅನುಭವ

ಬಿಯರ್ ತುಂಬಿಡುವ ಸ್ಟೀಲ್ ಪೀಪಾಯಿಗಳಲ್ಲಿ, ಅಂದರೆ ಕೆಗ್‌ಗಳಲ್ಲಿ, ನನ್ನ ಬಿಯರ್ ನಾರತೊಡಗಿದಾಗ, ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ, ಈಸ್ಟ್ ಬದಲಿಸಿ ನೋಡಿ ಎಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನನ್ನಂತೆ ಮನೆಯಲ್ಲೇ ಬಿಯರ್ ಮಾಡುವ ಗೆಳೆಯರೆಲ್ಲ ಹೇಳುತ್ತಿದ್ದರು. ವಾಸನೆ ರಬ್ಬರಿನದು ಎಂಬ ನನ್ನ ವಾದವನ್ನು ಒಪ್ಪಿದವರಿರಲಿಲ್ಲ. ಈಗ ಅದೇ ಕೆಗ್‌ಗಳ ಪೇಲ್ ಏಲ್ ಬಿಯರನ್ನು ಅವರೇ ಕೇಳಿ ಕುಡಿಯುತ್ತಿದ್ದಾರೆ.

ನನ್ನವು ತಂಪು ಪಾನೀಯದ ಕಂಪನಿಗಳು ಬಳಸಿಬಿಟ್ಟ ಐದು ಗ್ಯಾಲನ್ನಿನ, ಪೈಪನ್ನು ಒತ್ತಿ ಸಿಕ್ಕಿಸುವ ಬಾಲ್ ಲಾಕ್ ಬಗೆಯ ಕೆಗ್‌ಗಳು. ಒಂದೊಂದಕ್ಕೆ ಐವತ್ತು ಡಾಲರಿನಷ್ಟು ಕೊಟ್ಟಿದ್ದೆ. ಒಂದರಲ್ಲಿ ತುಂಬಿದ ಬಿಯರಿಗೆಲ್ಲ ರೂಟ್ ಬಿಯರ್ ಎಂಬ ತಂಪು ಪಾನೀಯದ ವಾಸನೆ, ಅಂದರೆ ಊರಿನಲ್ಲಿ ಬೆನ್ನಿಗೆ ಹಚ್ಚುವ ನೋವಿನ ಮುಲಾಮಿನ ವಾಸನೆ. ಎರಡರಲ್ಲೂ ಸಾಮಾನ್ಯವಾಗಿ ಇರುವುದು ಮಿಥೈಲ್ ಸ್ಯಾಲಿಸಿಲೇಟ್ ಎಂಬ ವಾಸನೆಯ ಪದಾರ್ಥ. ಇನ್ನೊಂದರಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಬೆಣ್ಣೆಯ ವಾಸನೆ ಏಳುತ್ತಿತ್ತು. ಗೆಳೆಯರ ಸಲಹೆಯಂತೆ ಈಸ್ಟ್ ಬದಲಿಸಿದೆ, ಬಿಯರಿಗೆ ತುಂಬುವ ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರನ್ನೂ ಬದಲಿಸಿದೆ. ಮೋರಿಗೆ ಸುರಿದ ಬ್ಯಾಚ್‌ಗಳನ್ನೂ ಸೇರಿಸಿದರೆ ಇನ್ನೂರು ಡಾಲರಿಗೆ ಕಡಿಮೆ ಹೋಗಿರಲಾರದು. ಬ್ಲೀಚ್ ಹಾಕಿ ಎಂದವರ ಮಾತನ್ನು ಮಾತ್ರ ನಾನು ಕೇಳಲಿಲ್ಲ: ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲನ್ನು ಕೊರೆಯುತ್ತದೆ, ಉಳಿದ ಅಂಶ ಬಿಯರಿನ ಫೀನಾಲ್‌ಗಳೊಂದಿಗೆ ಸೇರಿ ಆಸ್ಪತ್ರೆಯ ವಾಸನೆಯ ಕ್ಲೋರೋಫೀನಾಲ್ ಆಗುತ್ತದೆ.

ಕೊನೆಗೆ ಖಾಲಿ ಕೆಗ್‌ಗೆ ಬಿಸಿ ನೀರು ತುಂಬಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಟ್ಟೆ. ಬಿಯರೂ ಈಸ್ಟೂ ಇಲ್ಲದ ಆ ನೀರಿಗೂ ಬೆಳಿಗ್ಗೆ ಮುಲಾಮಿನ ವಾಸನೆ ಹತ್ತಿತ್ತು. ಮುಚ್ಚಳದ ಸಂದು ಮುಚ್ಚುವ ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನೊಂದೇ ಗಾಜಿನ ಜಾಡಿಯ ಬಿಸಿ ನೀರಿಗೆ ಹಾಕಿದಾಗಲೂ ಅದೇ ವಾಸನೆ ಬಂದಿತು. ಮುಚ್ಚಳದ್ದೊಂದು, ಪೈಪ್ ಸಿಕ್ಕಿಸುವ ಎರಡು ಮೂತಿಗಳದ್ದು (ಪೋಸ್ಟ್), ಅವುಗಳಿಂದ ಒಳಗಿಳಿಯುವ ಎರಡು ಕೊಳವೆಗಳದ್ದು (ಡಿಪ್ ಟ್ಯೂಬ್), ಹೀಗೆ ಐದೂ ರಿಂಗ್‌ಗಳನ್ನು ಬದಲಿಸಲು ತಗುಲಿದ್ದು ನಾಲ್ಕೈದು ಡಾಲರ್.

ಬೆಣ್ಣೆಯ ಕಥೆ ಬೇರೆ. ಮುಚ್ಚಳ ತೆರೆದು ಮೇಲಿನಿಂದ ತೆಗೆದ ಬಿಯರ್ ಶುದ್ಧವಾಗಿತ್ತು, ನಲ್ಲಿಯಿಂದ ಬಂದದ್ದು ನಾರುತ್ತಿತ್ತು. ಹಾಗಾದರೆ ದೋಷ ಎರಡರ ನಡುವಿನ ಹಾದಿಯಲ್ಲಿರಬೇಕು. ಪೀಡಿಯೋಕಾಕಸ್‌ನಂತಹ ಬ್ಯಾಕ್ಟೀರಿಯಾ ಲೋಳೆಯಾಗಿ ನೆಲೆಸಿ ಬೆಣ್ಣೆಯ ವಾಸನೆಯ ಡಯಾಸಿಟೈಲ್ ಹುಟ್ಟಿಸುವುದು ಅಲ್ಲಿಯೇ. ಹಳೆಯ ಪೈಪನ್ನು ಬಿಸಾಡಿ, ಡಿಪ್ ಟ್ಯೂಬಿಗೆ ಉದ್ದನೆಯ ಬ್ರಷ್ ಹಾಕಿ, ಅರವತ್ತು ಡಿಗ್ರಿ ಸೆಲ್ಸಿಯಸ್‌ನ ಪಿಬಿಡಬ್ಲ್ಯೂ ಎಂಬ ಕ್ಷಾರೀಯ ತೊಳೆಪುಡಿಯ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿದಾಗ ನೀರು ಚಹಾದ ಬಣ್ಣಕ್ಕೆ ತಿರುಗಿತು. ಒಳಗೋಡೆಗೆ ಕಲ್ಲಿನಂತೆ ಕಟ್ಟುವ ಬಿಯರಿನ ಕಿಟ್ಟ, ಅಂದರೆ ಬಿಯರ್ ಸ್ಟೋನ್, ಕ್ಷಾರಕ್ಕೆ ಜಗ್ಗುವುದಿಲ್ಲವಾದ್ದರಿಂದ ಆಮೇಲೆ ಆಮ್ಲದಲ್ಲಿಯೂ ತೊಳೆದೆ. ಪೋಸ್ಟಿನೊಳಗಿನ ಸ್ಪ್ರಿಂಗ್ ಕವಾಟಗಳಾದ, ಬಿಚ್ಚಲು ಬಾರದ ಹಳೆಯ ಪಾಪೆಟ್‌ಗಳನ್ನು ಶುಚಿಗೊಳಿಸುವ ನನ್ನದೇ ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಇದರ ನಡುವೆ ಒಂದು ಕೆಗ್‌ನಲ್ಲಿದ್ದ ಲಾಗರ್ ಬಿಯರಿನ ಕೊಳೆತ ಮೊಟ್ಟೆಯ ವಾಸನೆಯನ್ನೂ ಪರೀಕ್ಷಿಸಿದೆ. ಒಂದು ಲೋಟದ ಬಿಯರಿನಲ್ಲಿ ಉಜ್ಜಿ ತೊಳೆದ ತಾಮ್ರದ ತುಂಡನ್ನು ಆಡಿಸಿದೊಡನೆ ವಾಸನೆ ಅಡಗಿತು. ಅಲ್ಲಿಗೆ ಅದು ಈಸ್ಟ್ ಬಿಟ್ಟ ಹೈಡ್ರೋಜನ್ ಸಲ್ಫೈಡ್ ಎಂದು ಖಚಿತವಾಯಿತು, ಕೆಗ್‌ನದೇನೂ ತಪ್ಪಿರಲಿಲ್ಲ. ತಾಮ್ರ ಆಡಿಸಿದ ಆ ಲೋಟದ ಬಿಯರನ್ನು ಚೆಲ್ಲಿದೆ. ಕೆಗ್‌ನ ಗ್ಯಾಸನ್ನು ದಿನಕ್ಕೊಮ್ಮೆ ರಿಲೀಫ್ ವಾಲ್ವಿನಿಂದ ಬಿಟ್ಟು ಮತ್ತೆ ತುಂಬುತ್ತ ಬಂದಂತೆ ವಾರದಲ್ಲಿ ಉಳಿದ ಲಾಗರಿನ ವಾಸನೆಯೂ ಹೋಯಿತು.

ಹೊಸ ರಿಂಗ್ ಕೊಳ್ಳುವಾಗ ಹಲವರು ಮೆತ್ತಗಿದೆಯೆಂದು ಸಿಲಿಕೋನ್ ಆರಿಸುತ್ತಾರೆ. ಅದು ಆಮ್ಲಜನಕವನ್ನು ಸುಲಭವಾಗಿ ಒಳಬಿಡುತ್ತದೆ. ತಿಂಗಳುಗಟ್ಟಲೆ ಇಡುವ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರಬಾರದೆಂದು ನಾನು ಇಪಿಡಿಎಂ ಎಂಬ ಕೃತಕ ರಬ್ಬರನ್ನೇ ಹಾಕುತ್ತೇನೆ.