ಹೊಸ ಪ್ರಾಜೆಕ್ಟ್: ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಯೋಜನಾ ನಿರ್ವಹಣೆ ಎಂದೊಡನೆ ಅನೇಕ ಕಂಪನಿಗಳು ಮೊದಲು ಸಾಫ್ಟ್‌ವೇರ್ ಖರೀದಿಸುತ್ತವೆ. ನಾಲ್ಕಾರು ಪ್ರಾಜೆಕ್ಟ್‌ಗಳು ಒಟ್ಟಿಗೆ ನಡೆಯುವಾಗ ಅದು ಬರಲಿ. ಅಲ್ಲಿಯವರೆಗೆ ಗೋಡೆಗೆ ಅಂಟಿಸಿದ ದೊಡ್ಡ ಹಾಳೆ ಸಾಕು.

ಮಂಗಳೂರಿನ ಬೈಕಂಪಾಡಿಯ ಫ್ಯಾಬ್ರಿಕೇಷನ್ ಘಟಕವೊಂದಕ್ಕೆ ಮೀನುಗಾರಿಕಾ ಬಂದರು ಮಲ್ಪೆಯಲ್ಲಿ ಐಸ್ ಪ್ಲಾಂಟ್ ಕಟ್ಟುವ ಆರ್ಡರ್ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಆರಂಭದಲ್ಲಿ ಬೋಟ್‌ಗಳು ಕಡಲಿಗಿಳಿಯುವಾಗ ಐಸ್ ತಯಾರಿರಲೇಬೇಕು.

ಮೊದಲು ಒಂದೇ ಪುಟದಲ್ಲಿ ಬರೆಯಿರಿ: ಏನು ಕಟ್ಟಿಕೊಡುತ್ತೇವೆ, ಯಾವ ದಿನಕ್ಕೆ, ಎಷ್ಟು ಹಣಕ್ಕೆ, ಯಾವುದು ನಮ್ಮ ಕೆಲಸವಲ್ಲ. ಈ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಹೆಚ್ಚುವರಿ ವಿದ್ಯುತ್ ಲೋಡ್‌ಗಾಗಿ ಮೆಸ್ಕಾಂಗೆ ಅರ್ಜಿ ಹಾಕಬೇಕಾದವರು ಯಾರು ಎಂಬ ಜಗಳ ಜುಲೈಯಲ್ಲಿ ಹುಟ್ಟುವುದು ಆ ಸಾಲು ಇಲ್ಲದ್ದರಿಂದಲೇ.

ಬಳಿಕ ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ ಗೋಡೆಯ ಹಾಳೆಗಿಳಿಸಿ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಬರೆಯಿರಿ. ವಿಭಾಗದ ಹೆಸರಲ್ಲ, ವ್ಯಕ್ತಿಯ ಹೆಸರು.

ಈಗ ಮುಖ್ಯ ಘಟ್ಟ. ಕೊನೆಯ ದಿನದಿಂದ ಹಿಂದಕ್ಕೆ ಬರುತ್ತಾ, 'ಇದು ಶುರುವಾಗಬೇಕಾದರೆ ಯಾವುದು ಮುಗಿದಿರಬೇಕು?' ಎಂದು ಪ್ರತಿ ಕೆಲಸಕ್ಕೂ ಕೇಳಿಕೊಳ್ಳಿ. ಅಡಿಪಾಯದ ಕ್ಯೂರಿಂಗ್ (ನೀರುಣಿಸಿ ಕಾಂಕ್ರೀಟ್ ಗಟ್ಟಿಯಾಗಿಸುವುದು) ಆಗದೆ ಕಂಪ್ರೆಸರ್ ಕೂರಿಸುವಂತಿಲ್ಲ. ಪೈಪ್‌ಗಳ ಒತ್ತಡ ಪರೀಕ್ಷೆ ಮುಗಿಯದೆ ತಣಿಸುವ ಅನಿಲವಾದ ಅಮೋನಿಯಾ ತುಂಬುವಂತಿಲ್ಲ. ಹೀಗೆ ಜೋಡಿಸುತ್ತಾ ಹೋದಾಗ ಸಿಗುವ ಅತಿ ಹೆಚ್ಚು ದಿನ ಹಿಡಿಯುವ ಸರಪಳಿಯೇ ಕ್ರಿಟಿಕಲ್ ಪಾಥ್. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತನ್ನ ಕಾರ್ಖಾನೆಗಳಿಗಾಗಿ ರೂಪಿಸಿಕೊಂಡ ಈ ಲೆಕ್ಕ ನಮ್ಮ ಸಣ್ಣ ಘಟಕಗಳಿಗೂ ಒದಗುತ್ತದೆ. ಎರಡೂ ಒಟ್ಟಿಗೆ ಶುರುವಾಗಿ, ಅಡಿಪಾಯಕ್ಕೆ ನಾಲ್ಕು ವಾರ, ಕಂಪ್ರೆಸರ್ ಬರಲು ಎಂಟು ವಾರ ಬೇಕಿದ್ದರೆ, ಅಡಿಪಾಯ ವಾರ ತಡವಾದರೂ ನಡೆದೀತು. ಕಂಪ್ರೆಸರ್ ಒಂದು ದಿನ ತಡವಾದರೂ ಮುಂದಿನದೆಲ್ಲ ಒಂದು ದಿನ ಜಾರುತ್ತದೆ. ಹಾಗಾಗಿ ಮುಂಗಡ ಮೊದಲು ಹೋಗಬೇಕಾದದ್ದು ಕಂಪ್ರೆಸರ್‌ಗೆ.

ಹಾಳೆಯ ಮೇಲೆ ಮಳೆಗಾಲವನ್ನೂ ಗುರುತಿಸಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನಿಂದ ಬರುವ ಲಾರಿ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಭಾರೀ ಯಂತ್ರಗಳನ್ನು ಮೇ ತಿಂಗಳಲ್ಲೇ ತರಿಸಿ. ಕಾಂಕ್ರೀಟ್, ಮಾಡಿನ ಶೀಟ್ ಕೆಲಸ ಪತ್ತನಾಜೆಯೊಳಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ದಿನ) ಮುಗಿಯಲಿ.

ವಾರಕ್ಕೊಮ್ಮೆ ಅರ್ಧ ಗಂಟೆ ಆ ಹಾಳೆಯ ಮುಂದೆ ನಿಂತು ಮಾತಾಡಿದರೆ ಸಾಕು.

ನಡುವೆ ಗ್ರಾಹಕರು ಫೋನ್ ಮಾಡಿ ಇನ್ನಷ್ಟು ಐಸ್ ಕ್ಯಾನ್ (ಐಸ್ ಗಡ್ಡೆ ಕಟ್ಟುವ ಡಬ್ಬ) ಕೇಳಿದರೆ ಕೂಡಲೇ ಹೂಂಗುಟ್ಟಬೇಡಿ. ಎಷ್ಟು ದಿನ, ಎಷ್ಟು ಹಣ ಹೆಚ್ಚಾಗುತ್ತದೆ ಎಂದು ಬರೆದು, ಅವರ ಸಹಿ ಪಡೆದ ಮೇಲೆಯೇ ಹಾಳೆ ತಿದ್ದಿ.

ಪ್ಲಾಂಟ್ ಹಸ್ತಾಂತರಿಸಿದ ವಾರದಲ್ಲೇ ಅಂದಾಜಿಸಿದ ದಿನಗಳ ಪಕ್ಕದಲ್ಲಿ ನಿಜವಾಗಿ ಹಿಡಿದ ದಿನಗಳನ್ನು ಬರೆದಿಡಿ. ಮುಂದಿನ ಕೊಟೇಶನ್ ಅದನ್ನು ನೋಡಿಯೇ ಹೊರಡಲಿ.