ಸೋರ್ಯೋ ಯಾರ ಲೆಕ್ಕಕ್ಕೆ? ಜಪಾನಿನಲ್ಲಿ ಪಾರ್ಸೆಲ್ ಕಳಿಸುವ ಮಾತುಗಳು

ಜಪಾನಿನಲ್ಲಿ ಪಾರ್ಸೆಲ್ ಕಳಿಸಲು, ತರಿಸಲು ಬೇಕಾದ ಪದಗಳನ್ನೆಲ್ಲ ನಾನು ಒಂದೇ ಪ್ರಶ್ನೆಯ ಸುತ್ತ ಜೋಡಿಸಿಕೊಂಡು ಕಲಿತೆ: ದುಡ್ಡು ಕೊಡುವವರು ಯಾರು? ಬರೆದುಕೊಂಡದ್ದು ಕನ್ನಡ ಲಿಪಿಯಲ್ಲೇ. ಜಪಾನಿಯಲ್ಲಿ ಹ್ರಸ್ವ–ದೀರ್ಘ ತಪ್ಪಿದರೆ ಪದವೇ ಬೇರೆಯಾಗಬಹುದು. ರೋಮನ್ ಬರಹದಲ್ಲಿ ಜಾರಿಹೋಗುವ ಆ ವ್ಯತ್ಯಾಸವನ್ನು ನಮ್ಮ ಒ, ಓ ಸಲೀಸಾಗಿ ಹಿಡಿಯುತ್ತವೆ.

ಮೊದಲ ಪದ ಸೋರ್ಯೋ, ಅಂದರೆ ಸಾಗಣೆ ವೆಚ್ಚ. ಬೆಲೆಯ ಪಕ್ಕ ‘ಸೋರ್ಯೋ ಕೊಮಿ’ ಎಂದಿದ್ದರೆ ಅದು ಸೇರಿದೆ, ‘ಸೋರ್ಯೋ ಬೆತ್ಸು’ ಎಂದಿದ್ದರೆ ಬೇರೆ ಕೊಡಬೇಕು, ‘ಸೋರ್ಯೋ ಮುರ್ಯೋ’ ಎಂದರೆ ಉಚಿತ. ‘ಜೆನ್‌ಕೊಕು ಇಚಿರಿತ್ಸು’ ಎಂದರೆ ದೇಶಕ್ಕೆಲ್ಲ ಒಂದೇ ದರ. ಆದರೂ ಕೆಳಗಿನ ಸಣ್ಣಕ್ಷರ ಓದಿ. ಒಕಿನಾವಾವನ್ನೂ ‘ರಿತೋ’ ಎನ್ನುವ ದೂರದ ದ್ವೀಪಗಳನ್ನೂ ಅಲ್ಲಿ ಹೊರಗಿಟ್ಟಿರುವುದುಂಟು.

ಹೆಚ್ಚು ಜನ ಎಡವುವುದು ಚಕುಬರೈ ಮತ್ತು ದೈಬಿಕಿ ಎರಡರ ನಡುವೆ. ಎರಡರಲ್ಲೂ ಬಾಗಿಲಲ್ಲಿ ಹಣ ಎಣಿಸಬೇಕು, ಗೊಂದಲ ಅದಕ್ಕೇ. ಚಕುಬರೈಯಲ್ಲಿ ಪಡೆಯುವವರು ಕೊಡುವುದು ಸಾಗಣೆ ವೆಚ್ಚ ಮಾತ್ರ. ದೈಬಿಕಿಯಲ್ಲಿ ಕೊಡುವುದು ವಸ್ತುವಿನ ಬೆಲೆ, ಮೇಲೆ ಸಾಮಾನ್ಯವಾಗಿ ‘ತೆಸೂರ್ಯೋ’ ಎಂಬ ಸೇವಾಶುಲ್ಕ. ಕಳಿಸುವವರೇ ಸಾಗಣೆ ಭರಿಸಿದರೆ ಅದು ಮೊತೊಬರೈ. ಜಪಾನ್ ಅಂಚೆಯ ಪಾರ್ಸೆಲ್ ಸೇವೆಯಾದ ಯೂಪ್ಯಾಕ್‌ನಲ್ಲಿ ಮೊತೊಬರೈಗೂ ಚಕುಬರೈಗೂ ‘ದೆನ್‌ಪ್ಯೋ’ ಎಂಬ ವಿಳಾಸದ ಚೀಟಿಯೇ ಬೇರೆ. ಹಾಗಾಗಿ ಬರೆಯುವ ಮೊದಲೇ ಯಾವುದು ಬೇಕೆಂದು ಹೇಳಿ.

ಕೊಂಡ ವಸ್ತು ಹಿಂದಿರುಗಿಸುವಾಗ ನೋಡಬೇಕಾದ ಪದ ‘ಫುತನ್’, ಅಂದರೆ ಹೊರೆ. ‘ತೋತೆನ್ ಫುತನ್’ ಇದ್ದರೆ ಅಂಗಡಿಯ ಹೊರೆ, ಚಕುಬರೈಯಲ್ಲಿ ಕಳಿಸಿ. ‘ಒಕ್ಯಕುಸಮ ಫುತನ್’ ಇದ್ದರೆ ನಿಮ್ಮದು, ಮೊತೊಬರೈ. ವಸ್ತು ಕೆಟ್ಟಿದ್ದರೆ ಮೊದಲನೆಯದು, ನಿಮಗೇ ಬೇಡವಾದರೆ ಎರಡನೆಯದು ಎಂಬುದು ವಾಡಿಕೆ.

ಪೆಟ್ಟಿಗೆಯ ದರ ಗಾತ್ರ ಮತ್ತು ದೂರದ ಮೇಲೆ. ಉದ್ದ, ಅಗಲ, ಎತ್ತರ ಕೂಡಿದರೆ 60 ಸೆಂ.ಮೀ. ಒಳಗಿದ್ದರೆ ‘60 ಸೈಜು’, ದಾಟಿದರೆ ನೇರ 80. ತುಂಬಿದ ರಟ್ಟಿನ ಪೆಟ್ಟಿಗೆ ನಡುವೆ ಉಬ್ಬಿರುತ್ತದೆ, ಟೇಪನ್ನು ಆ ಉಬ್ಬಿನ ಮೇಲೇ ಹಿಡಿದು ಅಳೆಯಿರಿ. ಯೂಪ್ಯಾಕ್‌ನಲ್ಲಿ 25 ಕಿಲೋವರೆಗೆ ತೂಕ ದರಕ್ಕೆ ಸೇರದು. ಯಮಾಟೊ ಎಂಬ ಖಾಸಗಿ ಕಂಪನಿಯ ತಕ್ಕ್ಯೂಬಿನ್‌ನಲ್ಲಿ ಸೇರುತ್ತದೆ: 60ಕ್ಕೆ 2 ಕಿಲೋವರೆಗೆ, 80ಕ್ಕೆ 5 ಕಿಲೋವರೆಗೆ. ಪುಸ್ತಕದಂಥ ಭಾರದ ಸಾಮಾನಿಗೆ ನಾನು ಯೂಪ್ಯಾಕನ್ನೇ ಹಿಡಿಯುತ್ತೇನೆ.

ತೆಳುವಾದದ್ದಕ್ಕೆ ಲೆಟರ್ ಪ್ಯಾಕ್ ಸಾಕು, ಅಂದರೆ ಸಾಗಣೆ ದರ ಸೇರಿಸಿಯೇ ಅಂಚೆ ಮಾರುವ ಲಕೋಟೆ. ಲೈಟ್, ಪ್ಲಸ್ ಎಂದು ಎರಡು ಬಗೆ. 2024ರ ಅಕ್ಟೋಬರ್ ಪರಿಷ್ಕರಣೆಯಲ್ಲಿ ಲೈಟ್ 430 ಯೆನ್, ಪ್ಲಸ್ 600 ಯೆನ್ ಆಯಿತು. ಎರಡಕ್ಕೂ ಮಿತಿ 4 ಕಿಲೋ. ಲೈಟ್ 3 ಸೆಂ.ಮೀ. ದಪ್ಪ ಮೀರುವಂತಿಲ್ಲ, ಪಡೆಯುವವರ ಮನೆಯ ಅಂಚೆಪೆಟ್ಟಿಗೆಗೆ ಬೀಳುತ್ತದೆ. ಪ್ಲಸ್ ಕೈಗೆ ಕೊಡುತ್ತಾರೆ. ಹಣ ಮೊದಲೇ ಕೊಟ್ಟಾಗಿರುವುದರಿಂದ ಇದರಲ್ಲಿ ಚಕುಬರೈ ಇಲ್ಲ.

ಅದೇ ಪರಿಷ್ಕರಣೆಯಲ್ಲಿ ‘ತೇಕೇ’ ಎಂಬ ನಿಗದಿತ ಗಾತ್ರದ ಕಾಗದಕ್ಕೆ 50 ಗ್ರಾಂವರೆಗೆ 110 ಯೆನ್ ಆಯಿತು. ಮನೆಯಲ್ಲಿ ಉಳಿದ ಹಳೆಯ 84 ಯೆನ್ ಅಂಚೆಚೀಟಿಯನ್ನಷ್ಟೇ ಅಂಟಿಸಿದರೆ ಅದು ‘ರ್ಯೋಕಿನ್ ಫುಸೊಕು’, ದರ ಸಾಲದು. ಕಾಗದ ನಿಮಗೇ ವಾಪಸು ಬರಬಹುದು, ಇಲ್ಲವೇ ಪಡೆಯುವವರು ತುಂಬಬೇಕಾಗಬಹುದು. 26 ಯೆನ್ ಚೀಟಿ ಪಕ್ಕದಲ್ಲಿ ಸೇರಿಸಿದರಾಯಿತು. ಅನುಮಾನವಿದ್ದರೆ ಅಂಚೆ ಕಚೇರಿಯ ಕಿಟಕಿಯಲ್ಲಿ ಕೇಳಿ: “ಕೊನೊ ಕಿತ್ತೆ ದೆ ತರಿಮಸ್ ಕ?” ಈ ಚೀಟಿ ಸಾಕೇ?